ಕಲಂ ಏಳು: ಕುಬಾತನ ಹೆಬ್ಬೆರಳು

ಪೀಸೆಕ್ ಊರಿನ ಅಂಚೆಚೀಟಿ ಸಂಗ್ರಾಹಕರ ಸಂಘಕ್ಕೆ ಹನ್ನೊಂದು ಕಲಂಗಳ ಒಂದು ನಿಯಮಾವಳಿ ಇದೆ. ಅದರಲ್ಲಿ ಹತ್ತು ಕಲಂ ಯಾವ ಊರಿನ ಯಾವ ಸಂಘದಲ್ಲೂ ಇರುವಂಥವೇ. ಏಳನೆಯದು ಮಾತ್ರ ಬೇರೆಲ್ಲೂ ಇರಲಾರದು: 'ಸಭೆಯಲ್ಲಿ ಯಾರೂ ಚೀಟಿಯನ್ನು ಬರಿಗೈಯಿಂದ ಮುಟ್ಟತಕ್ಕದ್ದಲ್ಲ, ಚಿಮಟವನ್ನೇ ಬಳಸತಕ್ಕದ್ದು. ಅಲೋಯಿಸ್ ಕುಬಾತ್ ಅವರ ಬಲಗೈ ಹೆಬ್ಬೆರಳು ಈ ನಿಯಮಕ್ಕೆ ಹೊರತು.'

ಅಲೋಯಿಸನಿಗೆ ವಿನಾಯಿತಿ ಇರಲಿಲ್ಲ, ಅವನ ಹೆಬ್ಬೆರಳಿಗೆ ಇತ್ತು. ಒಮ್ಮೆ ತೋರುಬೆರಳು ಚೀಟಿಯ ಅಂಚಿಗೆ ತಾಗಿಬಿಟ್ಟದ್ದಕ್ಕೆ ಸಂಘದ ಅಧ್ಯಕ್ಷ, ಹಲ್ಲಿನ ಡಾಕ್ಟರ್ ತುಮಾ, ಎಲ್ಲರ ಎದುರಿಗೇ ಅವನನ್ನು ಎಚ್ಚರಿಸಿದ್ದರು.

ಕಲ್ಲುಸೇತುವೆಯ ಹತ್ತಿರ 'ಮೂರು ಮೀನು' ಎಂಬ ಬಿಯರ್ ಮನೆಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘ ಸೇರುತ್ತಿತ್ತು. ಒಲೆಯ ಪಕ್ಕದ ಕುರ್ಚಿ ಅಲೋಯಿಸನದು. ಹೆಬ್ಬೆರಳು ಸೆಟೆಯಬಾರದೆಂದು ಆ ಜಾಗ. ಕೋಣೆ ತುಂಬಿ ತುಳುಕಿದ ದಿನವೂ ಅದರಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

ಆ ಹೆಬ್ಬೆರಳು ಪಳಗಿದ್ದು ಊರಿನ ಬಟ್ಟೆ ಕಾರ್ಖಾನೆಯಲ್ಲಿ. ಮೂವತ್ತೊಂದು ವರ್ಷ ಅಲೋಯಿಸ್ ಅಲ್ಲಿ ಬಟ್ಟೆ ತಪಾಸಣೆ ಮಾಡಿದ್ದ. ಮೇಜಿನ ಮೇಲೆ ಬಟ್ಟೆ ಹೊಳೆಯ ಹಾಗೆ ಹರಿಯುತ್ತಿತ್ತು. ಅವನು ಕಿಟಕಿಯಾಚೆ ನೋಡುತ್ತ, ಹೆಬ್ಬೆರಳನ್ನು ಮಾತ್ರ ಅದರ ಮೇಲೆ ಇಟ್ಟುಕೊಂಡಿರುತ್ತಿದ್ದ. ಸಾಸಿವೆಯಷ್ಟು ಗಂಟು ಬಂದರೂ ಹೆಬ್ಬೆರಳು ನಿಲ್ಲುತ್ತಿತ್ತು. ಆಮೇಲೆ ಅದೇ ಕೆಲಸಕ್ಕೆ ಯಂತ್ರ ಬಂತು, ಆಮೇಲೆ ಕಾರ್ಖಾನೆಯೇ ಮುಚ್ಚಿತು. ಹೆಬ್ಬೆರಳು ಉಳಿಯಿತು.

ಅದಕ್ಕೆ ಅಂಚೆಚೀಟಿಯಲ್ಲಿ ಹೊಸ ಹುದ್ದೆ ಸಿಕ್ಕಿತು. ಹಳೆಯ ಕಸುಬಿನಲ್ಲಿ ಕೆತ್ತನೆಗಾರ ಚಿತ್ರವನ್ನು ಉಕ್ಕಿನ ಮೇಲೆ ಕೂದಲೆಳೆಯಂಥ ಗೆರೆಗಳಲ್ಲಿ, ಅದೂ ಎಡಬಲ ತಿರುವುಮುರುವಾಗಿ, ಕೈಯಾರೆ ಕೆತ್ತುತ್ತಾನೆ. ಗೆರೆಯ ತಗ್ಗಿಗೆ ಶಾಯಿ ತುಂಬಿ, ಕಾಗದವನ್ನು ಭಾರ ಹಾಕಿ ಒತ್ತಿದರೆ ಕಾಗದ ಆ ತಗ್ಗಿಗೇ ಇಳಿದು ಶಾಯಿಯನ್ನು ಹೊತ್ತು ಮೇಲೆ ಬರುತ್ತದೆ. ಹಾಗಾಗಿ ಕೆತ್ತಿದ ಚೀಟಿಯಲ್ಲಿ ಗೆರೆ ಕಾಗದದ ಮೇಲೆ ಎದ್ದು ನಿಂತಿರುತ್ತದೆ. ಚಪ್ಪಟೆ ಅಚ್ಚಿನಲ್ಲಿ ಅದು ಮಲಗಿರುತ್ತದೆ. ಅಲೋಯಿಸನಿಗೆ ಕೆತ್ತಿದ ಚೀಟಿಯ ಮೇಲೆ ಹೆಬ್ಬೆರಳು ಆಡಿಸುವುದೆಂದರೆ ಉತ್ತ ಹೊಲದಲ್ಲಿ ಬರಿಗಾಲಲ್ಲಿ ನಡೆದ ಹಾಗೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಮೆಚ್ಚುವ ಜನ ಸುತ್ತ ಕೂತಿದ್ದರೆ ಯಾರ ಹೆಬ್ಬೆರಳು ತಾನೇ ಸುಮ್ಮನಿರುತ್ತದೆ? ಅದು ಕೆತ್ತಿದವನ ಜಾತಕವನ್ನೂ ಓದತೊಡಗಿತ್ತು.

"ಈ ಕುದುರೆ ಕೆತ್ತಿದ ಮನುಷ್ಯ ಆವತ್ತು ಹೆಂಡತಿ ಜೊತೆ ಜಗಳ ಆಡ್ಕೊಂಡು ಬಂದಿದಾನೆ," ಎನ್ನುತ್ತಿದ್ದ ಅಲೋಯಿಸ್, ಕಣ್ಣು ಮುಚ್ಚಿ. "ಮಂಡಿ ಹತ್ರ ನೋಡಿ, ಎಷ್ಟು ಸಿಟ್ಟು!"

ಎಲ್ಲರೂ ಭೂತಗನ್ನಡಿ ಹಿಡಿದು ಕುದುರೆಯ ಮಂಡಿ ನೋಡುತ್ತಿದ್ದರು. ಸಿಟ್ಟು ಕಾಣುತ್ತಿತ್ತು ಕೂಡ.

ಮನೆಯಲ್ಲಿ ಈ ಹೆಬ್ಬೆರಳಿನ ಆರೈಕೆ ಬಾಣಂತಿಯದಕ್ಕಿಂತ ಹೆಚ್ಚಿನದು. ಮಲಗುವ ಮುಂಚೆ ಅದಕ್ಕೆ ಹೆಬ್ಬಾತಿನ ಕೊಬ್ಬು ಸವರಬೇಕು. ಸೆಪ್ಟೆಂಬರಿನಿಂದ ಮೇ ತನಕ ಕೈಗವಸು. ಪಾತ್ರೆ ತೊಳೆಯುವ ಹಾಗಿಲ್ಲ, ಸೌದೆ ಒಡೆಯುವ ಹಾಗಿಲ್ಲ, ಆಲೂಗಡ್ಡೆ ತುರಿಯುವುದಂತೂ ಕನಸಿನ ಮಾತು. ತುರಿಮಣೆ ಕಂಡರೆ ಅಲೋಯಿಸ್ ಕೋಣೆಯಿಂದಲೇ ಎದ್ದು ಹೋಗುತ್ತಿದ್ದ.

"ಊರಲ್ಲಿ ಹೆಂಗಸರು ಗಂಡನಿಗೆ ಅಡುಗೆ ಮಾಡ್ತಾರೆ, ನಾನು ಒಂದು ಹೆಬ್ಬೆರಳಿಗೆ ಮಾಡಿ ಹಾಕ್ತೀನಿ," ಎನ್ನುತ್ತಿದ್ದಳು ಹೆಂಡತಿ ಬ್ಲಾಜೆನಾ. ಅಲೋಯಿಸ್ ಅವಳ ಬಾಯಲ್ಲಿ ಲೊಯ್ಜಾ. "ಉಳಿದ ಒಂಬತ್ತು ಬೆರಳು ಏನು ಲೊಯ್ಜಾ, ಪಿಂಚಣಿ ತಗೊಂಡ್ವಾ?"

ಬ್ಲಾಜೆನಾ ಊರಿನ ಅಂಚೆ ಕಚೇರಿಯ ಮೂರನೇ ಕಿಟಕಿಯಲ್ಲಿ ಮೂವತ್ತನಾಲ್ಕು ವರ್ಷ ಕೂತವಳು. ಚೀಟಿಯ ಬಗ್ಗೆ ಅವಳ ಸಿದ್ಧಾಂತ ಸಣ್ಣದು: ಚೀಟಿ ಇರುವುದು ಅಂಟಿಸುವುದಕ್ಕೆ. ಅಂಟಿಸದೆ ಆಲ್ಬಮ್ಮಿನಲ್ಲಿ ಇಟ್ಟುಕೊಂಡು ನೋಡುವುದೆಂದರೆ ಅವಳ ಪ್ರಕಾರ ರೊಟ್ಟಿಯನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಹಾಗೆ. ಸಂಘದ ಕಡೆ ಅವಳು ತಲೆಯಿಟ್ಟೂ ಮಲಗಿದವಳಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಎಂಜಿನಿಯರ್ ಸ್ಕಾಲಾ ಬಂದ. ಪ್ಲ್ಜೆನ್ನಿನ ಯಾವುದೋ ಯಂತ್ರಗಳ ಕಂಪನಿಯಿಂದ ನಿವೃತ್ತನಾಗಿ ಪೀಸೆಕ್‌ಗೆ ಬಂದು ಸಂಘ ಸೇರಿದ ಮನುಷ್ಯ. ಬರುವಾಗ ಒಂದು ಸೂಕ್ಷ್ಮದರ್ಶಕ ತಂದಿದ್ದ. ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಇಡುವುದು ಹಸುಗೂಸನ್ನು ತೊಟ್ಟಿಲಲ್ಲಿ ಮಲಗಿಸಿದಂತೆ ಇರುತ್ತಿತ್ತು. ಕೆಟ್ಟವನಲ್ಲ. ಒಂದು ಸಂಘದ ವಿಜ್ಞಾನ ಒಬ್ಬನ ಹೆಬ್ಬೆರಳಿನ ಮೇಲೆ ನಿಂತಿರುವುದು ಮಾತ್ರ ಅವನಿಗೆ ಜೀರ್ಣವಾಗಿರಲಿಲ್ಲ.

ನವೆಂಬರಿನ ಮೊದಲ ಭಾನುವಾರ ಸ್ಕಾಲಾ ಹಸಿರು ಬಟ್ಟೆಯ ಮೇಲೆ ಒಂದು ಚೀಟಿ ಇಟ್ಟ. ಕಡುನೀಲಿ ಬಣ್ಣದಲ್ಲಿ ಊರಿನದೇ ಕಲ್ಲುಸೇತುವೆ, ಕೆಳಗೆ ಒತಾವಾ ಹೊಳೆ. ಬೆಲೆ ಬರೆದಿರಲಿಲ್ಲ.

"ಮಾದರಿ ಚೀಟಿ, ಕುಬಾತ್ ಸಾಹೇಬ್ರೇ. ಇದು ನಿಮ್ಮ ಹೆಬ್ಬೆರಳಿಗೆ ಇನ್ನೂ ಸಿಕ್ಕಿರ್ಲಿಕ್ಕಿಲ್ಲ. ಸ್ವಲ್ಪ ನೋಡಿ ಹೇಳ್ತೀರಾ?"

ಅಲೋಯಿಸ್ ಕೈಗವಸನ್ನು ಬೆರಳು ಬೆರಳಾಗಿ ಬಿಡಿಸಿದ. ಹೆಬ್ಬೆರಳಿಗೆ ಬಿಸಿಯುಸಿರು ಊದಿದ. ಕಣ್ಣು ಮುಚ್ಚಿ ಚೀಟಿಯ ಮೇಲೆ ಇಟ್ಟ. ಗೆರೆಗಳು ಸಾಲಾಗಿ ಎದ್ದು ನಿಂತಿದ್ದವು, ಕೊಯ್ಲಾದ ಮೇಲಿನ ಗೋಧಿಯ ಕೂಳೆಯ ಹಾಗೆ.

"ಆಹಾ," ಎಂದ. "ಕೆತ್ತಿದ್ದು. ಎಂಥಾ ಕೆಲಸ! ವಯಸ್ಸಾದವರು, ಎಡಗೈಯವರು. ನೀರಿನ ಅಲೆ ಕೆತ್ತುವಾಗ ಉಸಿರೇ ಬಿಟ್ಟಿಲ್ಲ ಮಹಾನುಭಾವ." ಹೆಬ್ಬೆರಳು ಮೂರನೇ ಕಮಾನಿನ ಹತ್ತಿರ ನಿಂತಿತು. "ಇಲ್ಲೊಂದು ದುಃಖ ಇದೆ. ಕೈ ನಡುಗಿ ಮತ್ತೆ ಸಮಾಧಾನ ಮಾಡ್ಕೊಂಡಿದೆ. ಹೆಂಡತಿ ಹೋಗಿರ್ಬೇಕು, ಪಾಪ."

ಇಬ್ಬರು ಸದಸ್ಯರು ಕಣ್ಣೊರೆಸಿಕೊಂಡರು. ಡಾಕ್ಟರ್ ತುಮಾ ಮೂಗು ಸೀಟಿದರು.

ಸ್ಕಾಲಾ ಗಂಟಲು ಸರಿಮಾಡಿಕೊಂಡ. "ಅದನ್ನ ಮಾಡಿದ್ದು ನನ್ನ ತಂಗಿ ಮಗ. ಅಚ್ಚುಮನೇಲಿ ಕೆಲಸ. ಇಪ್ಪತ್ತಾರು ವರ್ಷ, ಇನ್ನೂ ಮದುವೆ ಆಗಿಲ್ಲ. ಇದನ್ನ ಮಾಡುವಾಗ ಅವನ ಎರಡೂ ಕೈ ಜೇಬಲ್ಲಿತ್ತು. ಗೆರೆ ಇಟ್ಟದ್ದು ಕಂಪ್ಯೂಟರು, ಅಚ್ಚು ಚಪ್ಪಟೆ. ಪ್ರತಿ ಗೆರೆ ಮೇಲೂ ಬಣ್ಣ ಇಲ್ಲದ ವಾರ್ನಿಷ್ ಹನಿಸಿ, ನೀಲಿ ದೀಪದ ಕೆಳಗೆ ಒಂದು ಕ್ಷಣ ಹಿಡಿದ್ರೆ ಗಟ್ಟಿಯಾಗಿ ಎದ್ದು ನಿಲ್ತದೆ. ಕೆತ್ತನೆ ಹಾಗೇ ಇರ್ತದೆ, ಕೆತ್ತಿರೋದಿಲ್ಲ."

ಕೋಣೆಯಲ್ಲಿ ಬಿಯರಿನ ನೊರೆ ಒಡೆಯುವ ಸದ್ದು ಕೇಳಿಸಿತು. ಆಮೇಲೆ ಮೂಲೆಯಿಂದ ಯಾರೋ "ಮೂರನೇ ಕಮಾನಿನ ದುಃಖ!" ಎಂದು ಕಿಸಕ್ಕೆಂದರು. ಅಷ್ಟು ಸಾಕಾಯಿತು. ಕಣ್ಣೊರೆಸಿಕೊಂಡಿದ್ದ ಇಬ್ಬರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಗು ಅಡಗಿದ ಮೇಲೆ ಸ್ಕಾಲಾ ಎದ್ದು ಠರಾವು ಮಂಡಿಸಿದ: ಕಲಂ ಏಳರಿಂದ ಹೆಬ್ಬೆರಳನ್ನು ತೆಗೆದುಹಾಕತಕ್ಕದ್ದು, ಇನ್ನು ಮುಂದೆ ಸೂಕ್ಷ್ಮದರ್ಶಕವೇ ಪ್ರಮಾಣ. ಮುಂದಿನ ಭಾನುವಾರ ಮತಕ್ಕೆ ಹಾಕುವುದೆಂದು ಡಾಕ್ಟರ್ ತುಮಾ ಬರೆದುಕೊಂಡರು.

"ಇನ್ನೊಂದು ಪರೀಕ್ಷೆ ಕೊಡಿ," ಎಂದ ಅಲೋಯಿಸ್. ಅವನ ದನಿ ಅವನಿಗೇ ಬೇರೆಯವರದು ಅನ್ನಿಸಿತು.

ಸ್ಕಾಲಾ ಒಪ್ಪಿದ. ತಂಗಿಯ ಮಗ ಆರು ಚೀಟಿ ಕಳಿಸುವುದು. ಕೆಲವು ಪ್ರಾಗಿನ ಒಬ್ಬ ಹಳೆಯ ಕೆತ್ತನೆಗಾರ ಉಕ್ಕಿನ ಮೇಲೆ ಕೆತ್ತಿ ಒತ್ತಿದ ಇದೇ ಸೇತುವೆ, ಉಳಿದವು ಅದರ ವಾರ್ನಿಷ್ ಅನುಕರಣೆ. ಎಷ್ಟೆಷ್ಟು ಎಂಬ ಉತ್ತರ ಮೊಹರು ಮಾಡಿದ ಲಕೋಟೆಯಲ್ಲಿ. ತಾನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತೇನೆ ಎಂದ. ಅಷ್ಟೇ ಅಲ್ಲ, ಅಭ್ಯಾಸಕ್ಕೆ ಇರಲಿ ಎಂದು ಒಂದು ಡಜನ್ ವಾರ್ನಿಷ್ ಚೀಟಿಗಳನ್ನೂ ಕೊಟ್ಟು ಕಳಿಸಿದ. ಆ ಒಳ್ಳೆಯತನ ಅಲೋಯಿಸನಿಗೆ ನಗುವಿಗಿಂತ ಹೆಚ್ಚು ಚುಚ್ಚಿತು.

ಸೋಮವಾರದ ಹೊತ್ತಿಗೆ ಸುದ್ದಿ ಊರೆಲ್ಲ ಹರಡಿತ್ತು. ಬೇಕರಿಯವಳು ರೊಟ್ಟಿ ಕಟ್ಟಿಕೊಡುತ್ತ, "ಇದನ್ನೂ ಸ್ವಲ್ಪ ಮುಟ್ಟಿ ನೋಡಿ ಕುಬಾತ್ ಅವ್ರೇ, ನಾದುವಾಗ ನನ್ನ ಗಂಡನಿಗೆ ಏನು ದುಃಖ ಇತ್ತು ಹೇಳಿ," ಎಂದಳು. ಅಲೋಯಿಸ್ ಸೇತುವೆ ದಾಟುವಾಗ ಮೂರನೇ ಕಮಾನಿನ ಮೇಲೆ ನಿಲ್ಲದೆ ಬೇಗ ಬೇಗ ನಡೆದ.

ಎರಡು ದಿನ ಅಡುಗೆಮನೆಯ ಮೇಜಿನ ಮುಂದೆ ಕೂತು, ಒಂದು ಕಡೆ ತನ್ನ ಹಳೆಯ ಕೆತ್ತನೆ ಚೀಟಿ, ಇನ್ನೊಂದು ಕಡೆ ವಾರ್ನಿಷ್ ಚೀಟಿ ಇಟ್ಟುಕೊಂಡು ಉಜ್ಜಿದ. ಎರಡೂ ಎದ್ದು ನಿಂತಿದ್ದವು. ಹೆಬ್ಬೆರಳು ಎರಡಕ್ಕೂ ಒಂದೇ ಥರ ತಲೆದೂಗಿತು. ಅರವತ್ತೆಂಟು ವರ್ಷ ಜೊತೆಗಿದ್ದ ಜೀವ ಅವನ ಕಣ್ಣೆದುರಿಗೇ ಅಪರಿಚಿತವಾಯಿತು.

ಬುಧವಾರ ಬ್ಲಾಜೆನಾ ಒಪಾವಾದಲ್ಲಿದ್ದ ಅಕ್ಕನಿಗೆ ನಾಮದಿನದ, ಅಂದರೆ ಅವಳ ಹೆಸರಿನ ಸಂತರ ಹಬ್ಬದ, ಶುಭಾಶಯ ಬರೆದು ಮುಗಿಸಿದಳು. ಲಕೋಟೆ ಕೈಯಲ್ಲಿ ಹಿಡಿದು ಬಂದು, ಮೇಜಿನ ಮೇಲಿದ್ದ ನೀಲಿ ಚೀಟಿಯೊಂದನ್ನು ಬೆಲೆಯನ್ನೂ ನೋಡದೆ ಎತ್ತಿ ನಾಲಿಗೆಗೆ ಒತ್ತಿದಳು.

"ಥೂ!" ಎಂದಳು. "ಇದೇನು ಲೊಯ್ಜಾ ಇದು? ಚೀಟಿಯೇ ಅಲ್ಲ."

"ನೆಕ್ಕಿಬಿಟ್ಯಾ?" ಅಲೋಯಿಸ್ ಅರ್ಧ ಎದ್ದ. ಸಂಗ್ರಾಹಕನ ಮನೆಯಲ್ಲಿ ಹೊಸ ಚೀಟಿಯ ಅಂಟು ಮುಟ್ಟುವುದೆಂದರೆ ದೇವರ ವಿಗ್ರಹಕ್ಕೆ ಎಂಜಲು ಕೈ ತಾಗಿಸಿದ ಹಾಗೆ. ಅಂಟಿನ ಮೇಲೆ ಒಂದು ಬೆರಳಿನ ಗುರುತು ಬಿತ್ತೆಂದರೆ ಚೀಟಿ ಸತ್ತಿತು. ಆಮೇಲೆ ಅವಳ ಮಾತಿನ ಎರಡನೆಯ ಅರ್ಧ ಅವನ ಕಿವಿಗೆ ತಲುಪಿತು. "ಚೀಟಿ ಅಲ್ಲ ಅಂತ ಹ್ಯಾಗೆ ಹೇಳ್ತೀ?"

"ಹಿಂಬದಿ ಸತ್ತುಹೋಗಿದೆ. ನುಣ್ಣಗೆ, ಗಾಜಿನ ಹಾಗೆ. ಕೆತ್ತಿದ್ದಾದ್ರೆ ನಾಲಿಗೆಗೆ ಒಂದು ಕಚಗುಳಿ ಇರ್ತದೆ. ಒಳಗೆ ತಗ್ಗು ಬಿದ್ದಿರ್ತದಲ್ಲ."

ಅಲೋಯಿಸ್ ಕೂತ. ಕಾಗದ ತಗ್ಗಿಗೆ ಇಳಿದು ಮೇಲೆ ಬರುತ್ತದೆ ಎಂದು ನೂರು ಸಲ ಜನರಿಗೆ ಹೇಳಿದ್ದ. ಮುಂದೆ ಉಬ್ಬಿದ ಕಾಗದ ಹಿಂದೆ ತಗ್ಗಾಗಿರಲೇಬೇಕು. ವಾರ್ನಿಷ್ ಮೇಲೆ ಕೂತದ್ದು, ಹಿಂಬದಿಗೆ ಅದರ ಸುದ್ದಿಯೇ ಇಲ್ಲ. ನಲವತ್ತು ವರ್ಷದಲ್ಲಿ ಸಂಘದ ಒಬ್ಬರೂ ಚೀಟಿಯ ಹಿಂಬದಿಯನ್ನು ಮುಟ್ಟಿರಲಿಲ್ಲ, ಮುಟ್ಟಬಾರದು ಎಂಬ ಒಂದೇ ಕಾರಣಕ್ಕೆ.

"ನಿನಗಿದು ಯಾವಾಗಿಂದ ಗೊತ್ತು?"

"ಕಿಟಕಿಯಲ್ಲಿ ಕೂತ ಮೊದಲನೇ ವರ್ಷದಿಂದ. ಸ್ಪಂಜು ಅಂತ ಒಂದು ಇಟ್ಟಿದ್ರು, ಅದು ಯಾವಾಗ್ಲೂ ಒಣಗಿರ್ತಿತ್ತು. ದಿನಕ್ಕೆ ಇನ್ನೂರು ಚೀಟಿ ನೆಕ್ಕಿದವಳಿಗೆ ಗೊತ್ತಾಗದೆ ಇರ್ತದಾ?"

"ಒಂದು ಮಾತು ಹೇಳಲಿಲ್ವಲ್ಲ!"

"ನೀನು ಕೇಳಲಿಲ್ವಲ್ಲ. ನಿನ್ನ ಹೆಬ್ಬೆರಳು ಮಾತಾಡ್ತಿರುವಾಗ ಈ ಮನೇಲಿ ಬೇರೆ ಯಾರ ಬಾಯಿ ನಡೀತದೆ?"

ಅಲೋಯಿಸ್ ಎದೆ ಗಟ್ಟಿಮಾಡಿಕೊಂಡು ತನ್ನದೊಂದು ಕೆತ್ತನೆ ಚೀಟಿಯನ್ನು ಮಗುಚಿ, ಅಂಟಿನ ಮೇಲೆ ಹೆಬ್ಬೆರಳಿಟ್ಟ. ಏನೂ ಗೊತ್ತಾಗಲಿಲ್ಲ. ಹೆಬ್ಬಾತಿನ ಕೊಬ್ಬಿನ ಒಂದು ದುಂಡು ಗುರುತು ಮಾತ್ರ ಬಿತ್ತು. ತಾನೇ ನೆಕ್ಕಿ ನೋಡಿದ. ಅಂಟಿನ ರುಚಿ ಬಂತು, ಅಷ್ಟೆ. ಅದಕ್ಕೂ ಮೂವತ್ತನಾಲ್ಕು ವರ್ಷದ ಅಭ್ಯಾಸ ಬೇಕು.

ಮೂರು ದಿನ ಅವನೊಳಗೆ ಒಂದು ಕುತಂತ್ರ ಸುಳಿದಾಡಿತು. ಚೀಟಿಗಳನ್ನು ಹೇಗಾದರೂ ಮುಂಚೆಯೇ ಮನೆಗೆ ತರಿಸಿಕೊಂಡು, ಇವಳ ಹತ್ತಿರ ಕೇಳಿಕೊಂಡು, ಅಲ್ಲಿ ಹೆಬ್ಬೆರಳಿನ ಹೆಸರಲ್ಲಿ ಹೇಳಿದರೆ? ಆದರೆ ನೆಕ್ಕಿದ ಚೀಟಿಯನ್ನು ನೆಕ್ಕದ ಚೀಟಿ ಮಾಡಲು ದೇವರಿಗೂ ಆಗದು. ಶನಿವಾರ ಊಟಕ್ಕೆ ಕೂತಾಗ, ತಟ್ಟೆಯನ್ನೇ ನೋಡುತ್ತ ಕೇಳಿದ: "ನಾಳೆ ಸಂಘಕ್ಕೆ ಬರ್ತೀಯಾ, ಬ್ಲಾಜೆನ್ಕಾ?"

ಬ್ಲಾಜೆನಾ ಚಮಚ ಕೆಳಗಿಟ್ಟಳು. ಗಂಡ ಅವಳನ್ನು ಆ ಮುದ್ದಿನ ಹೆಸರಿನಿಂದ ಕರೆದು ಬಹಳ ವರ್ಷವಾಗಿತ್ತು.

ಭಾನುವಾರ ಅವಳು ಅಂಚೆ ಕಚೇರಿಯ ನೀಲಿ ಸ್ವೆಟರ್ ಹಾಕಿಕೊಂಡು ಬಂದಳು. ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೂಕ್ಷ್ಮದರ್ಶಕ ಮೇಜಿನ ನಡುವೆ, ಆರು ಚೀಟಿ ಹಸಿರು ಬಟ್ಟೆಯ ಮೇಲೆ ಸಾಲಾಗಿ, ಲಕೋಟೆ ಡಾಕ್ಟರ್ ತುಮಾರ ಜೇಬಿನಲ್ಲಿ. ಮೊದಲು ಸ್ಕಾಲಾ ನೋಡಿದ. ಅರ್ಧ ಗಂಟೆ ಕಣ್ಣು ಕಿರಿದು ಮಾಡಿ, ದೀಪ ಅತ್ತಿತ್ತ ತಿರುಗಿಸಿ, ಬರೆದುಕೊಟ್ಟ: ಒಂದನೆಯದು ಮತ್ತು ಆರನೆಯದು ವಾರ್ನಿಷ್, ಉಳಿದ ನಾಲ್ಕೂ ಕೆತ್ತಿದ್ದು.

"ಈಗ ಹೆಬ್ಬೆರಳು," ಎಂದರು ತುಮಾ.

ಅಲೋಯಿಸ್ ಎದ್ದ. ಕೈಗವಸು ಬಿಚ್ಚಲಿಲ್ಲ. "ಹೆಬ್ಬೆರಳಿಗೆ ಗೊತ್ತಾಗೋದಿಲ್ಲ," ಎಂದ. "ವಾರವೆಲ್ಲ ನೋಡಿದೆ. ಅದು ಸೋತಿದೆ. ಇದು ಗೊತ್ತಾಗೋದು ನನ್ನ ಹೆಂಡತಿಗೆ, ನಾಲಿಗೆಯಲ್ಲಿ. ಆದರೆ ಅವಳು ನೆಕ್ಕಬೇಕಾಗ್ತದೆ."

ಚೀಟಿ ಸಂಗ್ರಾಹಕರ ನಡುವೆ ಆಡಬಾರದ ಮಾತು ಅದು. ಒಬ್ಬ ಸದಸ್ಯ ತನ್ನ ಆಲ್ಬಮ್ಮನ್ನು ಮುಚ್ಚಿ ಎದೆಗೆ ಅಪ್ಪಿಕೊಂಡ. ಇನ್ನೊಬ್ಬ ಶಿಲುಬೆಯ ಗುರುತು ಮಾಡಿಕೊಂಡ.

"ಕೆತ್ತಿದ ಮಾದರಿ, ಲೋಕದಲ್ಲಿ ಇರೋದೇ ಮೂವತ್ತು ನಲವತ್ತು," ಎಂದು ತುಮಾ ತೊದಲಿದರು. "ಸ್ಕಾಲಾ ಅವ್ರೇ, ಚೀಟಿ ನಿಮ್ಮದು."

ವಿಜ್ಞಾನ ಒಂದು ಕಡೆ, ಸಂಗ್ರಹ ಇನ್ನೊಂದು ಕಡೆ ಸ್ಕಾಲಾನನ್ನು ಎಳೆದವು.

"ಯೋಚನೆ ಮಾಡ್ಕೊಳ್ಳಿ ಎಂಜಿನಿಯರ್ ಸಾಹೇಬ್ರೇ," ಎಂದಳು ಬ್ಲಾಜೆನಾ ತಣ್ಣಗೆ. "ನಮ್ಮ ಲೊಯ್ಜಾ ತಾನು ಸೋತೆ ಅಂತ ಎಲ್ಲರ ಮುಂದೆ ಒಪ್ಕೊಂಡ. ನಿಮ್ಮಿಂದ ಆರು ಚೀಟಿ ಬಿಡಕ್ಕಾಗೋದಿಲ್ವಾ?"

ಸ್ಕಾಲಾ ಕಣ್ಣು ಮುಚ್ಚಿ, ಆಗಲಿ ಎಂಬಂತೆ ಕೈ ಆಡಿಸಿದ.

"ಒಂದು ಲೋಟ ನೀರು ಕೊಡಿ. ಬಿಯರ್ ಬೇಡ, ಅದು ನಾಲಿಗೆ ಮಂಕು ಮಾಡ್ತದೆ." ಅವಳು ಬಾಯಿ ಮುಕ್ಕಳಿಸಿ, ಕುರ್ಚಿ ಎಳೆದು, ಬೆನ್ನು ನೆಟ್ಟಗೆ ಮಾಡಿ ಕೂತಳು. ಮೂರನೇ ಕಿಟಕಿ ತೆರೆಯಿತು. ಮೊದಲ ಚೀಟಿ ನಾಲಿಗೆಗೆ ಹೋದಾಗ ಕೋಣೆಯ ಗಂಟಲಿನಿಂದ ಒಂದೇ ನರಳಿಕೆ ಹೊರಟಿತು.

"ವಾರ್ನಿಷ್," ಎಂದಳು, ಅಂಚೆ ಕಚೇರಿಯಲ್ಲಿ ಸಾಲಿನವರನ್ನು ಕರೆಯುತ್ತಿದ್ದ ದನಿಯಲ್ಲಿ. "ಮುಂದಿನವರು!"

ಎರಡನೆಯದು. "ಕೆತ್ತಿದ್ದು. ಮುಂದಿನವರು!"

ಮೂರನೆಯದಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡು, "ಇದೂ ಕೆತ್ತಿದ್ದೇ, ಒಳ್ಳೇ ಕೆಲಸ," ಎಂದಳು. ನಾಲ್ಕನೆಯದು ವಾರ್ನಿಷ್. ಐದನೆಯದು ಕೆತ್ತಿದ್ದು. ಆರನೆಯದನ್ನು ನೆಕ್ಕಿ ಮುಖ ಸಿಂಡರಿಸಿದಳು. "ಗಾಜು."

ಡಾಕ್ಟರ್ ತುಮಾ ಲಕೋಟೆ ಒಡೆದರು. ಮೂರು ಕೆತ್ತಿದ್ದು, ಮೂರು ವಾರ್ನಿಷ್. ವಾರ್ನಿಷ್ ಆದವು ಒಂದು, ನಾಲ್ಕು, ಆರು. ಅವಳು ಹೇಳಿದ ಹಾಗೇ. ಸೂಕ್ಷ್ಮದರ್ಶಕ ನಾಲ್ಕನೆಯದರಲ್ಲಿ ಮೋಸ ಹೋಗಿತ್ತು.

ಲಕೋಟೆಯಲ್ಲಿ ತಂಗಿಯ ಮಗ ನಾಲ್ಕು ಸಾಲಿನ ಒಂದು ಟಿಪ್ಪಣಿಯನ್ನೂ ಬರೆದಿಟ್ಟಿದ್ದ. ತುಮಾ ಅದನ್ನೂ ಓದಿದರು. "ಮಾವ, ವಾರ್ನಿಷ್ ಚೀಟಿಯ ಗೆರೆಗಳನ್ನು ಕಂಪ್ಯೂಟರಿನ ತಲೆಯಿಂದ ತೆಗೆದದ್ದಲ್ಲ. ಪ್ರಾಗಿನ ಆ ಕೆತ್ತನೆಗಾರರ ಉಕ್ಕಿನ ಹಲಗೆಯನ್ನೇ ನೋಡಿ ಒಂದೊಂದನ್ನೂ ಹಾಗೇ ನಕಲು ಮಾಡಿದ್ದು. ಅವರಿಗೆ ಎಂಬತ್ತೊಂದು ವರ್ಷ. ಎಡಗೈಯಲ್ಲಿ ಕೆಲಸ ಮಾಡುತ್ತಾರೆ, ನೋಡುವುದೇ ಒಂದು ಚೆಂದ."

ಯಾರೂ ನಗಲಿಲ್ಲ. ಮೂರನೇ ಕಮಾನಿನ ಬಗ್ಗೆ ಯಾರೂ ಕೇಳಲೂ ಇಲ್ಲ. ಎಲ್ಲರೂ ಅಲೋಯಿಸನ ಕೈಗವಸನ್ನು ನೋಡಿದರು.

"ಠರಾವು ಮತಕ್ಕೆ," ಎಂದರು ತುಮಾ, ಸಣ್ಣ ದನಿಯಲ್ಲಿ. "ಹೆಬ್ಬೆರಳನ್ನು ತೆಗೆಯಬೇಕು ಅನ್ನುವವರು ಕೈ ಎತ್ತಿ."

ಅಲೋಯಿಸ್ ಕೈಗವಸು ಬಿಚ್ಚಿ ಬಲಗೈ ಎತ್ತಿದ. ಹೆಬ್ಬೆರಳು ಒಲೆಯ ಬೆಳಕಿನಲ್ಲಿ ಕೊಬ್ಬಿಗೆ ಹೊಳೆಯಿತು. ಅವನು ಸುತ್ತ ನೋಡಿದ. ಬೇರೆ ಒಂದು ಕೈಯೂ ಮೇಲೆ ಇರಲಿಲ್ಲ. ಸ್ಕಾಲಾ ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

"ಒಂದು ಮತ," ಎಂದರು ತುಮಾ. "ಠರಾವು ಬಿತ್ತು. ಕೈ ಇಳಿಸೋ ಲೊಯ್ಜಾ, ಶೀತ ಆದೀತು."

ಆ ದಿನವೇ ಕಲಂ ಏಳಕ್ಕೆ ಎರಡು ಸಾಲು ಸೇರಿತು. ಬರೆಸಿದವನು ಸ್ಕಾಲಾನೇ. 'ಹೆಬ್ಬೆರಳಿನ ತೀರ್ಪಿನಲ್ಲಿ ಅನುಮಾನ ಬಂದಲ್ಲಿ ಶ್ರೀಮತಿ ಬ್ಲಾಜೆನಾ ಕುಬಾತೋವಾ ಅವರ ನಾಲಿಗೆಯೇ ಅಂತಿಮ. ಚೀಟಿಯನ್ನು ಅನುಮಾನ ಪಟ್ಟವರೇ ಒದಗಿಸತಕ್ಕದ್ದು.' ಆವತ್ತಿನಿಂದ ಈವತ್ತಿನವರೆಗೆ ಪೀಸೆಕ್‌ನಲ್ಲಿ ಯಾರಿಗೂ ಅನುಮಾನ ಬಂದಿಲ್ಲ. ಬ್ಲಾಜೆನಾ ಮಾತ್ರ ಪ್ರತಿ ಭಾನುವಾರ ಬಂದು ಒಲೆಯ ಇನ್ನೊಂದು ಪಕ್ಕ ಕೂರುತ್ತಾಳೆ, ಹೆಣೆಯುತ್ತ. ಅವಳು ಕೆಮ್ಮಿದರೂ ಸದಸ್ಯರು ಆಲ್ಬಮ್ ಮುಚ್ಚುತ್ತಾರೆ.

ಆ ಭಾನುವಾರ ಇಬ್ಬರೂ ಸೇತುವೆಯ ಮೇಲೆ ನಡೆದು ಮನೆಗೆ ಹೋದರು. ಮೂರನೇ ಕಮಾನಿನ ಮೇಲೆ ಅಲೋಯಿಸ್ ನಿಂತ. ಕಲ್ಲಿನ ಗೋಡೆಯ ಮೇಲೆ ಹೆಬ್ಬೆರಳಿಟ್ಟ. "ಏನು ಹೇಳ್ತು?" ಎಂದಳು ಬ್ಲಾಜೆನಾ. "ಚಳಿ ಅಂತ," ಎಂದ.

ಮನೆಯಲ್ಲಿ ಅವಳು ಆಲೂಗಡ್ಡೆ ಸುಲಿದು, ಬೆಳ್ಳುಳ್ಳಿ ಜಜ್ಜಿ, ಕಾವಲಿ ಒಲೆಯ ಮೇಲಿಟ್ಟಳು. ಆಮೇಲೆ ತುರಿಮಣೆಯನ್ನು ಮೇಜಿನ ಮೇಲೆ, ಗಂಡನ ಮುಂದೆ ಇಟ್ಟಳು. ಅಲೋಯಿಸ್ ಅದನ್ನು ನೋಡಿದ. ಎದ್ದು ಹೋಗಲಿಲ್ಲ. ಕೈಗವಸು ಮಡಿಸಿ ಕಿಟಕಿಯಲ್ಲಿಟ್ಟು, ಒಂದು ಆಲೂಗಡ್ಡೆ ತೆಗೆದುಕೊಂಡು ತುರಿಯತೊಡಗಿದ. ಎರಡನೆಯದು ಮುಗಿಯುವ ಹೊತ್ತಿಗೆ ತುರಿಮಣೆ ಹೆಬ್ಬೆರಳಿನ ತುದಿಯನ್ನು ಕಚ್ಚಿತು.

"ಅಯ್ಯೋ!" ಎಂದು ಅವನು ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡ.

ಬ್ಲಾಜೆನಾ ಕಾವಲಿಯ ಕಡೆಯಿಂದ ತಿರುಗಿ ನೋಡಿದಳು. "ಹ್ಯಾಗಿದೆ ರುಚಿ?"

"ಹೆಬ್ಬಾತು," ಎಂದ ಅಲೋಯಿಸ್, ಬೆರಳು ಬಾಯಲ್ಲೇ ಇಟ್ಟುಕೊಂಡು.

"ಇನ್ನೂ ಮೂರು ಇದೆ," ಎಂದಳು ಅವಳು. "ಮುಂದಿನವರು!"